ಮಕ್ಕಳ ಕಿಡ್ನಿ ಬಯಾಪ್ಸಿ: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೆಥಾಲಜಿ ಡಾಕ್ಟರ್. ಬಯಾಪ್ಸಿ ಎಂದರೆ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಸಣ್ಣ ಎಳೆ ತೆಗೆದು ಪರೀಕ್ಷಿಸುವುದು. ಆ ಎಳೆ ಕೊನೆಗೆ ಬಂದು ಸೇರುವುದು ನನ್ನ ಮೇಜಿಗೆ. ಮಗುವನ್ನು ನಾನು ನೋಡಿರುವುದಿಲ್ಲ. ಆದರೂ ರಿಪೋರ್ಟ್ ಕೈಗೆ ಬಂದ ಮೇಲೆ ಎಷ್ಟೋ ಅಪ್ಪ-ಅಮ್ಮ ಲ್ಯಾಬ್ ಹುಡುಕಿಕೊಂಡು ಬರುತ್ತಾರೆ, ಫೋನ್ ಮಾಡುತ್ತಾರೆ, ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಚಿಕಿತ್ಸೆಯ ತೀರ್ಮಾನ ಮಾತ್ರ ನಿಮ್ಮ ಮಗುವನ್ನು ನೋಡುತ್ತಿರುವ ಡಾಕ್ಟರ ಜೊತೆ ಕೂತು ಮಾಡಿ.

### ಮೊದಲಿಗೆ ಬರುವ ಪ್ರಶ್ನೆಗಳು

ಮಗುವಿನ ಕಣ್ಣು, ಮುಖ ಊದಿಕೊಂಡಿದೆ. ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ ಅಂದ್ರು. ಈಗಲೇ ಬಯಾಪ್ಸಿ ಮಾಡಿಸ್ಬೇಕಾ?

ಹೆಚ್ಚಿನ ಮಕ್ಕಳಿಗೆ ಬೇಡ. ಒಂದು ವರ್ಷ ದಾಟಿದ ಮಗು, ಮೈ ಊದಿದೆ, ಮೂತ್ರ ನೊರೆನೊರೆ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಮ್ಮಿ, ಉಳಿದದ್ದೆಲ್ಲ ಸರಿ ಇದೆ ಅಂದರೆ ಅದಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಎನ್ನುತ್ತಾರೆ. ಅದಕ್ಕೆ ಮೊದಲು ಕೊಡುವುದು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ. ಸೂಜಿ ಅಲ್ಲ.

ಈ ಧೈರ್ಯ ಸುಮ್ನೆ ಬಂದದ್ದಲ್ಲ. 1967ರಿಂದ ಹಲವು ದೇಶಗಳ ಮಕ್ಕಳ ಡಾಕ್ಟರುಗಳು ಸೇರಿ ಒಂದು ದೊಡ್ಡ ಅಧ್ಯಯನ ಮಾಡಿದರು. 521 ಮಕ್ಕಳಿಗೆ ಬಯಾಪ್ಸಿ ಮಾಡಿ ನೋಡಿದರು. 100ರಲ್ಲಿ ಸುಮಾರು 77 ಮಕ್ಕಳಲ್ಲಿ ಕಂಡದ್ದು ಮಿನಿಮಲ್ ಚೇಂಜ್ ಎಂಬ ಕಾಯಿಲೆ. ಅಂಥ ಮಕ್ಕಳಲ್ಲಿ 100ಕ್ಕೆ 93 ಮಂದಿಗೆ ಸ್ಟಿರಾಯ್ಡಿನಿಂದಲೇ ಮೂತ್ರದ ಪ್ರೋಟೀನ್ ನಿಂತಿತು. ಮಾತ್ರೆಗೆ ಮಗು ಹೇಗೆ ಬಗ್ಗುತ್ತದೆ ಎನ್ನುವುದೇ ಒಂದು ಪರೀಕ್ಷೆ ಅಂತ ಗೊತ್ತಾದದ್ದು ಆಗ. ಅವತ್ತು ಚುಚ್ಚಿಸಿಕೊಂಡ ಆ ಮಕ್ಕಳಿಂದಾಗಿ ಇವತ್ತು ಎಷ್ಟೋ ಮಕ್ಕಳಿಗೆ ಸೂಜಿ ತಪ್ಪಿದೆ.

ಹಾಗಾದ್ರೆ ಯಾವ ಮಕ್ಕಳಿಗೆ ಬೇಕೇ ಬೇಕು ಅಂತಾರೆ?

ಆರು ವಾರ ದಿನಾ ಪೂರ್ತಿ ಡೋಸ್ ಕೊಟ್ಟರೂ ಮೂತ್ರದಲ್ಲಿ ಪ್ರೋಟೀನ್ ನಿಲ್ಲದಿದ್ದರೆ ಬೇಕು. ನಮ್ಮ ದೇಶದ ಮಕ್ಕಳ ಕಿಡ್ನಿ ತಜ್ಞರು ಇದನ್ನೇ ಸ್ಟಿರಾಯ್ಡಿಗೆ ಬಗ್ಗದ ಕಾಯಿಲೆ ಎನ್ನುತ್ತಾರೆ. ಮೂತ್ರ ಕೆಂಪಾಗಿಯೇ ಇದ್ದರೆ, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತದಲ್ಲಿ ಅಳೆಯುವ ಕಸ) ಏರಿ ಕೆಳಗೆ ಇಳಿಯದಿದ್ದರೆ, ರಕ್ತದಲ್ಲಿ ಸಿ3 ಎಂಬ ರಕ್ಷಣೆಯ ಪ್ರೋಟೀನ್ ಕಮ್ಮಿ ಇದ್ದರೆ, ಮೈಮೇಲೆ ದದ್ದು, ಕೀಲುನೋವು, ಜ್ವರದಂಥ ಬೇರೆ ಸೂಚನೆ ಇದ್ದರೆ ಸ್ಟಿರಾಯ್ಡಿಗೂ ಮುಂಚೆಯೇ ಬಯಾಪ್ಸಿ ಯೋಚನೆ ಬರುತ್ತದೆ. ಒಂದು ವರ್ಷದೊಳಗಿನ ಕೂಸಿನ ದಾರಿಯೇ ಬೇರೆ, ಅದನ್ನು ಕೊನೆಗೆ ಬರೆದಿದ್ದೇನೆ.

ಒಂದು ಮಾತು. ಬೇಡದ ಮಗುವಿಗೆ ಚುಚ್ಚುವುದು ಎಷ್ಟು ತಪ್ಪೋ, ಬೇಕಾದ ಮಗುವಿಗೆ "ಇನ್ನೊಂದು ತಿಂಗಳು ನೋಡೋಣ, ಯಾವುದೋ ಔಷಧಿ ಕೊಡ್ತಾರಂತೆ" ಎಂದು ಮುಂದೂಡುವುದೂ ಅಷ್ಟೇ ತಪ್ಪು. ಆ ಒಂದು ತಿಂಗಳಲ್ಲಿ ಏನಾಯಿತು ಅಂತ ಸ್ಲೈಡಿನಲ್ಲಿ ನನಗೆ ಕಾಣುತ್ತದೆ. ನೋಡಲು ಬಹಳ ಸಂಕಟವಾಗುತ್ತದೆ.

ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗಲ್ವಾ? ಚುಚ್ಚೋದ್ಯಾಕೆ?

ಸ್ಕ್ಯಾನಿಂಗ್ ಕಿಡ್ನಿಯ ಗಾತ್ರ, ಆಕಾರ, ಕಲ್ಲು, ನೀರು ತುಂಬಿರುವುದು ಇವನ್ನೆಲ್ಲ ತೋರಿಸುತ್ತದೆ. ಕಾಯಿಲೆ ಇರುವುದು ಗ್ಲೊಮೆರುಲಸ್ ಎಂಬ ಸೋಸುವ ಉಂಡೆಗಳಲ್ಲಿ. ನೂಲಿನ ಉಂಡೆಯ ಥರ ಸುತ್ತಿಕೊಂಡ ಸಣ್ಣ ರಕ್ತನಾಳಗಳು ಅವು. ದೊಡ್ಡವರಲ್ಲಿ ಒಂದೊಂದು ಸುಮಾರು 0.2 ಮಿಲಿಮೀಟರ್, ಎಳೆಗೂಸಿನಲ್ಲಿ ಅದರ ಅರ್ಧ. ಅದರೊಳಗೆ ಏನು ನಡೆದಿದೆ ಎಂದು ಯಾವ ಸ್ಕ್ಯಾನಿಂಗೂ ಹೇಳಲಾರದು.

ಬಯಾಪ್ಸಿ ಅಂದ್ರೆ ಕ್ಯಾನ್ಸರ್ ಅನುಮಾನನಾ?

ಇಲ್ಲ. ಈ ಪುಟದಲ್ಲಿ ಹೇಳುತ್ತಿರುವ ಬಯಾಪ್ಸಿಗೂ ಕ್ಯಾನ್ಸರಿಗೂ ಸಂಬಂಧವಿಲ್ಲ. ಮಕ್ಕಳ ಕಿಡ್ನಿಯ ಗಡ್ಡೆ ಹೊಟ್ಟೆಯಲ್ಲಿ ಕೈಗೆ ಸಿಗುತ್ತದೆ, ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಅದರ ಪರೀಕ್ಷೆಯ ಕ್ರಮವೇ ಬೇರೆ.

ಎಷ್ಟು ಮಾಂಸ ತೆಗೀತಾರೆ? ಕಿಡ್ನಿ ವೀಕ್ ಆಗಲ್ವಾ?

ಒಂದು ಶಾವಿಗೆ ಎಳೆ ನೆನಪು ಮಾಡಿಕೊಳ್ಳಿ. ದಪ್ಪ ಸುಮಾರು 1 ಮಿಲಿಮೀಟರ್, ಉದ್ದ 1ರಿಂದ 1.5 ಸೆಂಟಿಮೀಟರ್. ಅಂಥದ್ದು ಎರಡು. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಉಂಡೆಗಳಿವೆ, ಒಬ್ಬರಿಂದ ಒಬ್ಬರಿಗೆ ಲೆಕ್ಕ ಬಹಳ ಹೆಚ್ಚುಕಮ್ಮಿ ಆಗುತ್ತದೆ. ಈ ಎಳೆಗಳಲ್ಲಿ ಬರುವುದು ಹತ್ತು, ಇಪ್ಪತ್ತು, ಮೂವತ್ತು. ಕಿಡ್ನಿಗೆ ಅದು ಲೆಕ್ಕಕ್ಕೇ ಬಾರದು.

### ಆಸ್ಪತ್ರೆಯ ದಿನ

ಮುಂಚೆ ನಾವೇನು ನೋಡ್ಕೋಬೇಕು?

ಮಗುವಿಗೆ ಕೊಡುತ್ತಿರುವ ಎಲ್ಲಾ ಔಷಧಿಯನ್ನೂ ಹೇಳಿ. ನಾಟಿ ಔಷಧಿ, ಮೆಡಿಕಲ್ ಶಾಪಿನಿಂದ ತಂದ ಜ್ವರದ ಮಾತ್ರೆ, ಎಲ್ಲಾ. ಆಸ್ಪಿರಿನ್, ಐಬುಪ್ರೊಫೆನ್ ಥರದವು ರಕ್ತ ಹೆಪ್ಪುಗಟ್ಟುವುದನ್ನು ತಡ ಮಾಡುತ್ತವೆ, ಅವನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಕಷ್ಟವಾಗಿದ್ದರೆ ಅದನ್ನೂ ಹೇಳಿ. ರಕ್ತದ ಪರೀಕ್ಷೆ, ಬಿಪಿ, ಮೂತ್ರದಲ್ಲಿ ಸೋಂಕು ಇದೆಯಾ ಎನ್ನುವುದನ್ನು ಅವರೇ ನೋಡುತ್ತಾರೆ. ಬಿಪಿ ಜಾಸ್ತಿ ಇದ್ದರೆ ಬಯಾಪ್ಸಿ ಮುಂದೆ ಹಾಕುತ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ರಕ್ತಸ್ರಾವದ ದೊಡ್ಡ ಕಾರಣವೇ ಅದು.

ಮಗುವಿಗೆ ನೋವಾಗುತ್ತಾ? ಹೇಗೆ ಮಾಡ್ತಾರೆ?

ಸಣ್ಣ ಮಕ್ಕಳಿಗೆ ನಿದ್ದೆ ಬರುವ ಔಷಧಿ ಕೊಡುತ್ತಾರೆ, ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು. ದೊಡ್ಡ ಮಕ್ಕಳಿಗೆ ಕೆಲವು ಕಡೆ ಜಾಗ ಮರಗಟ್ಟಿಸಿ ಮಾಡುತ್ತಾರೆ. ಬೋರಲು ಮಲಗಿಸಿ, ಹೊಟ್ಟೆ ಕೆಳಗೆ ಸುತ್ತಿದ ಬಟ್ಟೆಯೋ ದಿಂಬೋ ಇಟ್ಟು, ಸ್ಕ್ಯಾನಿಂಗ್ ಪರದೆಯಲ್ಲಿ ಕಿಡ್ನಿಯ ಕೆಳತುದಿ ನೋಡಿಕೊಂಡು ಚುಚ್ಚುತ್ತಾರೆ, ಸಾಮಾನ್ಯವಾಗಿ ಎಡಗಡೆ. ಸೂಜಿಗೆ ಸ್ಪ್ರಿಂಗ್ ಇರುತ್ತದೆ. ಟಕ್ ಅಂತ ಒಂದು ಸದ್ದು, ಎಳೆ ಒಳಗೆ ಬಂದಿರುತ್ತದೆ. ಆ ಸದ್ದಿನ ಬಗ್ಗೆ ಮಗುವಿಗೆ ಮೊದಲೇ ಹೇಳಿಡಿ, ಎಚ್ಚರ ಇರುವ ಮಕ್ಕಳು ನೋವಿಗಿಂತ ಅದಕ್ಕೇ ಬೆಚ್ಚುತ್ತಾರೆ.

ಇದಕ್ಕೆ ಒಂದು ಚರಿತ್ರೆ ಇದೆ. 1951ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಇವರ್ಸೆನ್ ಮತ್ತು ಬ್ರೂನ್ ರೋಗಿಯನ್ನು ಕೂರಿಸಿಕೊಂಡು ಸೂಜಿ ಹಾಕುತ್ತಿದ್ದರು. ಎಷ್ಟೋ ಸಲ ಎಳೆ ಸಿಗುತ್ತಲೇ ಇರಲಿಲ್ಲ. 1954ರಲ್ಲಿ ಶಿಕಾಗೋದ ಕಾರ್ಕ್ ಮತ್ತು ಮ್ಯೂರ್ಕೆ ಬೋರಲು ಮಲಗಿಸಿ ಮಾಡುವ ಕ್ರಮ ಬರೆದರು. ಇವತ್ತು ನಿಮ್ಮ ಮಗು ಮಲಗುವುದೂ ಹಾಗೆಯೇ.

ಬಯಾಪ್ಸಿ ಆದ್ಮೇಲೆ ಮೂತ್ರ ಕೆಂಪಾಗಿದೆ. ಗಾಬರಿ ಆಗ್ತಿದೆ.

ಸ್ವಲ್ಪ ಕೆಂಪು ಕೆಲವು ಮಕ್ಕಳಿಗೆ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಅದಕ್ಕೇ ಆರೇಳು ಗಂಟೆ ಅಂಗಾತ ಮಲಗಿಸುವುದು, ಎಷ್ಟೋ ಕಡೆ ಆ ರಾತ್ರಿ ಅಲ್ಲೇ ಇರಿಸಿಕೊಳ್ಳುವುದು. ಪ್ರತಿ ಸಲದ ಮೂತ್ರವನ್ನು ಬೇರೆ ಬೇರೆ ಸಣ್ಣ ಲೋಟದಲ್ಲಿ ಹಿಡಿದು ಸಾಲಾಗಿ ಇಡಿ. ಮೊದಲನೆಯದಕ್ಕಿಂತ ಎರಡನೆಯದು, ಎರಡನೆಯದಕ್ಕಿಂತ ಮೂರನೆಯದು ತೆಳುವಾದರೆ ಒಳ್ಳೆಯದು. ಕೆಂಪು ಹೆಚ್ಚುತ್ತಾ ಹೋದರೆ, ರಕ್ತ ಹೆಪ್ಪುಗಟ್ಟಿ ಗಡ್ಡೆ ಗಡ್ಡೆಯಾಗಿ ಬಂದರೆ, ಮೂತ್ರವೇ ಕಟ್ಟಿದರೆ, ಬೆನ್ನು-ಹೊಟ್ಟೆ ನೋವು ಏರಿದರೆ, ಮಗು ಬಿಳಿಚಿಕೊಂಡು ತಲೆಸುತ್ತು ಅಂದರೆ ಆ ಕ್ಷಣವೇ ನರ್ಸಮ್ಮನಿಗೆ ಹೇಳಿ. ಮನೆಗೆ ಹೋದ ಮೇಲಾದರೆ ಬೆಳಗಾಗಲಿ ಅಂತ ಕಾಯದೆ ಹೊರಡಿ. ರಕ್ತ ಕೊಡಬೇಕಾಗಿ ಬರುವುದು ತೀರ ವಿರಳ.

ಸ್ಕೂಲಿಗೆ ಯಾವಾಗ ಕಳಿಸ್ಬಹುದು?

ಕೂತು ಪಾಠ ಕೇಳುವುದಕ್ಕೆ ಕೆಲವೇ ದಿನ ಸಾಕು. ಓಟ, ಕಬಡ್ಡಿ, ಸೈಕಲ್, ಭಾರದ ಬ್ಯಾಗು ಒಂದೆರಡು ವಾರ ಬೇಡ.

### ಲ್ಯಾಬಿನ ಒಳಗೆ

ರಿಪೋರ್ಟ್ ಬರೋಕೆ ಇಷ್ಟು ದಿನ ಯಾಕೆ? ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಆಯ್ತಲ್ವಾ?

ಎಳೆ ಹೊರಗೆ ಬಂದ ತಕ್ಷಣ ಅದನ್ನು ಹಾಗೇ ಸಣ್ಣ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದರೆ ಹೊರಭಾಗದ ಕಿಡ್ನಿ ಬಂದಿದೆಯಾ ಅಂತ ತಿಳಿಯುತ್ತದೆ. ಸೋಸುವ ಉಂಡೆಗಳು ಕೆಂಪನೆ ಚುಕ್ಕಿಗಳ ಹಾಗೆ ಕಾಣುತ್ತವೆ. ಚುಕ್ಕಿ ಇಲ್ಲದೆ ಬರೀ ನೇರ ಗೆರೆಗಳಿದ್ದರೆ ಸೂಜಿ ಒಳಭಾಗಕ್ಕೆ ಹೋಗಿದೆ ಅಂತ, ಇನ್ನೊಂದು ಎಳೆ ಬೇಕು. ಈ ಎರಡು ನಿಮಿಷದ ಕೆಲಸ ಮಾಡುವ ಕಡೆ ಮಗುವನ್ನು ಮತ್ತೊಂದು ದಿನ ಚುಚ್ಚುವ ಪ್ರಸಂಗ ಕಮ್ಮಿ.

ಆಮೇಲೆ ಎಳೆಯನ್ನು ಮೂರು ಪಾಲು ಮಾಡುತ್ತಾರೆ. ದೊಡ್ಡ ಪಾಲು ಫಾರ್ಮಲಿನ್ ಎಂಬ, ಕೆಡದಂತೆ ಇಡುವ ದ್ರವಕ್ಕೆ. ಅದನ್ನು ರಾತ್ರಿಯಿಡೀ ಹದ ಮಾಡಿ ಮೇಣದಲ್ಲಿ ಕೂರಿಸಿ, 2-3 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪಕ್ಕೆ ಸೀಳಬೇಕು. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಅದಕ್ಕೆ ಹೋಲಿಸಿ ನೋಡಿ. ನಮ್ಮ ಟೆಕ್ನಿಷಿಯನ್ ಮೇಣದ ಆ ಪಟ್ಟಿಯನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡುವವರೆಗೆ ಉಸಿರು ಬಿಗಿಹಿಡಿದು ಕಾದು, ಗಾಜಿನ ಮೇಲೆ ಎತ್ತಿಕೊಳ್ಳುತ್ತಾರೆ. ಉಸಿರು ತಾಗಿದರೂ ಮಡಚಿಕೊಳ್ಳುತ್ತದೆ. ನಂತರ ಬಣ್ಣ. ಒಂದು ಬಣ್ಣದಲ್ಲಿ ಉಂಡೆಯ ರಕ್ತನಾಳದ ಪೊರೆ ಕಡುಗುಲಾಬಿ, ಬೆಳ್ಳಿ ಬಳಸಿದ ಬಣ್ಣದಲ್ಲಿ ಅದೇ ಪೊರೆ ಕಪ್ಪು ಗೆರೆ, ಇನ್ನೊಂದರಲ್ಲಿ ಗಾಯದ ಕಲೆ ನೀಲಿ. ಹಲವು ಗಾಜು, ಹಲವು ಮಟ್ಟ, ಎಲ್ಲವನ್ನೂ ನೋಡಬೇಕು.

ತುರ್ತು ಇದ್ದರೆ ಅದೇ ದಿನ ಮೊದಲ ಮಾತು ಹೇಳಲು ಸಾಧ್ಯವಿದೆ. ನಾವು ಫೋನಿನಲ್ಲೇ ಹೇಳುತ್ತೇವೆ.

ಮೂರು ಥರ ಮೈಕ್ರೋಸ್ಕೋಪ್ ಅಂತಾರೆ. ಒಂದರಲ್ಲೇ ಆಗಲ್ವಾ?

ಒಂದೊಂದಕ್ಕೂ ಒಂದೊಂದು ಕೆಲಸ. ಮಾಮೂಲಿ ಮೈಕ್ರೋಸ್ಕೋಪ್ ಉಂಡೆಯ ಆಕಾರ, ಊತ, ಕಲೆ ತೋರಿಸುತ್ತದೆ.

ಎರಡನೆಯದು ಇಮ್ಯುನೋಫ್ಲೋರೆಸೆನ್ಸ್. ಮೈಯ ರಕ್ಷಣೆಗೆ ಇರುವ ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯೂ ಮೊದಲಾದ ಪ್ರೋಟೀನುಗಳು ಕಿಡ್ನಿಯಲ್ಲಿ ಸಿಕ್ಕಿಹಾಕಿಕೊಂಡಿವೆಯಾ ಅಂತ ಇದು ಹೇಳುತ್ತದೆ. ಕತ್ತಲ ಕೋಣೆಯಲ್ಲಿ ಕೂತು ನೋಡಬೇಕು. ಏನೂ ಇಲ್ಲದಿದ್ದರೆ ಬರೀ ಕತ್ತಲು, ಇದ್ದರೆ ಹಸಿರು ಬೆಳಕು. ನೋಡುತ್ತಾ ನೋಡುತ್ತಾ ಆ ಬೆಳಕು ಮಾಸುತ್ತದೆ, ಹಾಗಾಗಿ ಫೋಟೊ ತಕ್ಷಣ ತೆಗೆದಿಡುತ್ತೇವೆ. ಈ ಪಾಲು ಫಾರ್ಮಲಿನ್‌ಗೆ ಬೀಳಲೇಬಾರದು. ಒಮ್ಮೆ ದೂರದ ಊರಿನಿಂದ ಒಂದು ಮಗುವಿನ ಎರಡೂ ಎಳೆ ಒಂದೇ ಫಾರ್ಮಲಿನ್ ಬಾಟಲಿಯಲ್ಲಿ ಬಂದವು. ಹಾಳಾದದ್ದನ್ನು ಸ್ವಲ್ಪ ಮಟ್ಟಿಗೆ ಉಳಿಸಿಕೊಳ್ಳುವ ವಿಧಾನವಿದೆ, ಮಾಡಿದೆವು, ಆದರೂ ಖಚಿತವಾಗಿ ಹೇಳಬಹುದಾಗಿದ್ದ ಮಾತನ್ನು "ಇರಬಹುದು" ಎಂದು ಬರೆಯಬೇಕಾಯಿತು. ಆ ಪದ ಬರೆಯುವಾಗ ಆದ ಬೇಸರ ಈಗಲೂ ಇದೆ. ಚುಚ್ಚಿಸಿಕೊಂಡದ್ದು ಮಗು, ತಪ್ಪಿದ್ದು ಬಾಟಲಿ ಆರಿಸಿದ ಕೈ.

ಮೂರನೆಯದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಇದಕ್ಕೆ ಬೆಳಕು ಬೇಡ, ಎಲೆಕ್ಟ್ರಾನ್ ಕಿರಣ. ಮಾಮೂಲಿ ಮೈಕ್ರೋಸ್ಕೋಪಿಗೆ 200 ನ್ಯಾನೋಮೀಟರಿಗಿಂತ (ಮೈಕ್ರಾನಿನ ಸಾವಿರದ ಒಂದು ಪಾಲು ಒಂದು ನ್ಯಾನೋಮೀಟರ್) ಸಣ್ಣದು ಬಿಡಿಸಿ ಕಾಣುವುದಿಲ್ಲ. ಕಿಡ್ನಿಯ ಜರಡಿಯ ಕಂಡಿಗಳು ಸುಮಾರು 40 ನ್ಯಾನೋಮೀಟರ್. ಅಂದಮೇಲೆ ಜರಡಿ ಹರಿದಿದೆಯಾ ಅಂತ ನೋಡಲು ಬೇರೆ ದಾರಿಯೇ ಇಲ್ಲ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಬೇರೆ ದುಡ್ಡು ಕೇಳ್ತಿದ್ದಾರೆ. ಬಿಟ್ಟುಬಿಡ್ಬಹುದಾ?

ಈ ಯಂತ್ರ ಎಲ್ಲಾ ಊರಿನಲ್ಲೂ ಇಲ್ಲ, ಎಳೆಯನ್ನು ಕೊರಿಯರ್ ಮಾಡುತ್ತಾರೆ, ವಾರಗಳೇ ಹಿಡಿಯುತ್ತವೆ. ನನ್ನ ಅಭಿಪ್ರಾಯ ಹೇಳುತ್ತೇನೆ: ಪಾಲನ್ನು ತೆಗೆದಿಡುವುದನ್ನು ಮಾತ್ರ ಯಾವತ್ತೂ ಬಿಡಬೇಡಿ. ಗ್ಲುಟರಾಲ್ಡಿಹೈಡ್ ಎಂಬ ದ್ರವದಲ್ಲಿ ಸಣ್ಣ ಚೂರು ಇಟ್ಟುಕೊಂಡರೆ, ಮೊದಲೆರಡರಲ್ಲೇ ಉತ್ತರ ಸಿಕ್ಕಾಗ ಖರ್ಚು ಉಳಿಯುತ್ತದೆ, ಸಿಗದಿದ್ದಾಗ ಕಳಿಸಬಹುದು. ಮಗುವಿನ ಮೂತ್ರದಲ್ಲಿ ಬಹಳ ದಿನದಿಂದ ರಕ್ತ ಇದ್ದು ಮನೆತನದ ಕಾಯಿಲೆ ಅನುಮಾನವಿದ್ದರೆ, ಸಿ3 ಮೂರು ತಿಂಗಳಾದರೂ ಏರದಿದ್ದರೆ, ಈ ಪರೀಕ್ಷೆ ಬಿಡುವುದು ಸರಿಯಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಬಯಾಪ್ಸಿಗೆ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ಯಾವುದಕ್ಕೆ ಹಣ ಸಿಗುತ್ತದೆ ಅಂತ ಕೇಳಿಕೊಳ್ಳಿ.

"ಸ್ಯಾಂಪಲ್ ಸಾಲದು" ಅಂತ ಬರೆದಿದ್ದಾರೆ. ಏನರ್ಥ?

ಉಂಡೆಗಳ ಲೆಕ್ಕ ಕಮ್ಮಿ ಬಂದಿದೆ ಅಂತ. ಇದು ಬರೀ ಗಣಿತ. ಒಂದು ಕಾಯಿಲೆ 100 ಉಂಡೆಗಳಲ್ಲಿ 10ಕ್ಕೆ ಮಾತ್ರ ತಗುಲಿದೆ ಅಂದುಕೊಳ್ಳಿ. ಎಳೆಯಲ್ಲಿ 10 ಉಂಡೆ ಬಂದರೆ, ಕಾಯಿಲೆಯ ಒಂದೂ ಉಂಡೆ ಸಿಗದೇ ಹೋಗುವ ಸಾಧ್ಯತೆ 100ಕ್ಕೆ 35. 20 ಉಂಡೆ ಬಂದರೆ ಅದು 12ಕ್ಕೆ ಇಳಿಯುತ್ತದೆ. ಹಾಗಾಗಿ ಕೆಲವು ಕಾಯಿಲೆಗಳನ್ನು ಇಲ್ಲ ಅನ್ನಬೇಕಾದರೆ ನಾವು 20 ಕೇಳುತ್ತೇವೆ. ಇನ್ನು ಕೆಲವಕ್ಕೆ ಒಂದೇ ಉಂಡೆ ಸಾಕು: ಎಲ್ಲಾ ಉಂಡೆಗಳಲ್ಲೂ ಒಂದೇ ಥರ ಕಾಣುವ ಕಾಯಿಲೆಯಾದರೆ ಒಂದರಲ್ಲಿ ಕಂಡದ್ದೇ ಉತ್ತರ.

### ರಿಪೋರ್ಟ್ ಕೈಗೆ ಬಂದ ಮೇಲೆ

"ಮಿನಿಮಲ್ ಚೇಂಜ್" ಅಂತ ಇದೆ. ಅಂದ್ರೆ ಕಾಯಿಲೆ ಸ್ವಲ್ಪನೇ ಇದೆ ಅಂತಲಾ?

ಹೆಸರು ದಾರಿ ತಪ್ಪಿಸುತ್ತದೆ. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವ ಬದಲಾವಣೆ ಸ್ವಲ್ಪ ಅಂತ ಅದರರ್ಥ. ಮಗುವಿನ ಊತಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಮೊದಲ ಸಲ ಇಂಥ ಸ್ಲೈಡ್ ನೋಡುವ ವಿದ್ಯಾರ್ಥಿಗಳು "ಇದು ನಾರ್ಮಲ್ ಅಲ್ವಾ?" ಎಂದೇ ಕೇಳುತ್ತಾರೆ. 1957ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಮೇರಿಲಿನ್ ಫಾರ್ಕರ್, ವರ್ನಿಯರ್, ಗುಡ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಗುಟ್ಟು ಬಯಲಾಯಿತು. ರಕ್ತನಾಳದ ಹೊರಗೆ ಪೋಡೋಸೈಟ್ ಎಂಬ ಕೋಶಗಳು ಕೂತಿರುತ್ತವೆ. ಎರಡು ಕೈಗಳ ಬೆರಳು ಹೆಣೆದ ಹಾಗೆ ಅವುಗಳ ಪಾದಗಳು ಹೆಣೆದುಕೊಂಡಿರುತ್ತವೆ. ನೆಫ್ರೋಟಿಕ್ ಮಕ್ಕಳಲ್ಲಿ ಆ ಪಾದಗಳು ಚಪ್ಪಟೆಯಾಗಿ ಒಂದಕ್ಕೊಂದು ಸೇರಿಹೋಗಿರುತ್ತವೆ. ಪ್ರೋಟೀನ್ ಸೋರುವುದು ಅಲ್ಲಿಂದ. ಸ್ಟಿರಾಯ್ಡಿಗೆ ಬಗ್ಗಿದರೆ ಪಾದಗಳು ಮತ್ತೆ ಮೊದಲಿನ ಹಾಗೆ ಆಗುತ್ತವೆ.

ಪಾದಗಳ ನಡುವಿನ ಕಂಡಿಯನ್ನು ಹೆಣೆಯುವ ಪ್ರೋಟೀನಿಗೆ ನೆಫ್ರಿನ್ ಎಂದು ಹೆಸರು. 2022ರಿಂದ ಈಚೆಗೆ ಎಷ್ಟೋ ಮಕ್ಕಳ ರಕ್ತದಲ್ಲಿ ಇದೇ ನೆಫ್ರಿನ್ ಮೇಲೆ ದಾಳಿ ಮಾಡುವ ಆಂಟಿಬಾಡಿಗಳು ಸಿಕ್ಕಿವೆ. ಮುಂದೆ ಕೆಲವು ಮಕ್ಕಳಿಗೆ ರಕ್ತದ ಪರೀಕ್ಷೆಯಲ್ಲೇ ಉತ್ತರ ಸಿಗಬಹುದು ಎನ್ನುವ ಆಸೆ ನನಗಿದೆ.

ಮೊದಲನೇ ಬಯಾಪ್ಸಿಯಲ್ಲಿ ಮಿನಿಮಲ್ ಚೇಂಜ್ ಅಂದಿದ್ರು, ಈಗ ಎಫ್‌ಎಸ್‌ಜಿಎಸ್ ಅಂತಿದ್ದಾರೆ. ಮೊದಲು ತಪ್ಪು ಓದಿದ್ರಾ?

ತಪ್ಪು ಓದಿರಬೇಕೆಂದೇನಿಲ್ಲ. ಎಫ್‌ಎಸ್‌ಜಿಎಸ್ ಎಂದರೆ ಕೆಲವು ಉಂಡೆಗಳಲ್ಲಿ, ಅದೂ ಉಂಡೆಯ ಒಂದು ಭಾಗದಲ್ಲಿ ಮಾತ್ರ ಕಲೆ ಬಿದ್ದಿರುವುದು. 1957ರಲ್ಲೇ ಅರ್ನಾಲ್ಡ್ ರಿಚ್ ಎಂಬವರು ಗಮನಿಸಿದ್ದರು: ಈ ಕಲೆ ಶುರುವಾಗುವುದು ಕಿಡ್ನಿಯ ಹೊರಭಾಗ ಮತ್ತು ಒಳಭಾಗ ಸೇರುವ ಕಡೆಯ ಉಂಡೆಗಳಲ್ಲಿ. ಸೂಜಿ ಅಷ್ಟು ಆಳಕ್ಕೆ ಹೋಗಿರದಿದ್ದರೆ ಮೇಲಿನ ಉಂಡೆಗಳು ಚೆನ್ನಾಗಿಯೇ ಕಾಣುತ್ತವೆ. ಸ್ಟಿರಾಯ್ಡಿಗೆ ಬಗ್ಗದ ಮಗುವಿನ ಸ್ಲೈಡ್ ಮಿನಿಮಲ್ ಚೇಂಜ್ ಥರ ಕಂಡಾಗ ನಾನು ಉಂಡೆಗಳ ಲೆಕ್ಕವನ್ನೂ, ಆ ಆಳದ ಜಾಗ ಬಂದಿದೆಯೋ ಇಲ್ಲವೋ ಎನ್ನುವುದನ್ನೂ ಬರೆಯುತ್ತೇನೆ. ನಿಮ್ಮ ರಿಪೋರ್ಟಿನಲ್ಲಿ ಆ ಸಾಲು ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ.

ಐಜಿಎ ನೆಫ್ರೋಪತಿ ಅಂತ ಹೇಗೆ ಗೊತ್ತಾಗುತ್ತೆ?

ಹಸಿರು ಬೆಳಕಿನಿಂದ. ಉಂಡೆಗಳಲ್ಲಿ ಐಜಿಎ ಸಿಕ್ಕಿಹಾಕಿಕೊಳ್ಳುವ ಕಾಯಿಲೆ ಇದು. 1968ರಲ್ಲಿ ಪ್ಯಾರಿಸ್ಸಿನ ಜೀನ್ ಬರ್ಜೆ ಮತ್ತು ನಿಕೋಲ್ ಹಿಂಗ್ಲೆ ಈ ಕಾಯಿಲೆಯನ್ನು ಗುರುತಿಸಿದ್ದೇ ಇಮ್ಯುನೋಫ್ಲೋರೆಸೆನ್ಸ್ ಇದ್ದದ್ದರಿಂದ. ಮಗುವಿಗೆ ನೆಗಡಿ-ಗಂಟಲುನೋವು ಬಂದ ಒಂದೆರಡು ದಿನಕ್ಕೇ ಮೂತ್ರ ಕೆಂಪಾಗುವುದು ಇದರ ಒಂದು ಲಕ್ಷಣ. ಕಾಲಿನಲ್ಲಿ ಕೆಂಪು-ನೇರಳೆ ಮಚ್ಚೆ, ಹೊಟ್ಟೆನೋವು, ಕೀಲುನೋವು ಜೊತೆಗೆ ಬಂದರೆ ಅದು ಐಜಿಎ ವ್ಯಾಸ್ಕುಲೈಟಿಸ್, ಅಂದರೆ ಸಣ್ಣ ರಕ್ತನಾಳಗಳ ಉರಿಯೂತ. ಕಿಡ್ನಿಯ ಸ್ಲೈಡ್ ಮಾತ್ರ ನೋಡಿ ಇವೆರಡನ್ನು ಬೇರೆ ಮಾಡಲು ನನಗೆ ಆಗುವುದಿಲ್ಲ. ಮಗುವಿನ ಕಾಲು ನೋಡಿದ ಡಾಕ್ಟರು ಎಳೆಯ ಜೊತೆ ಕಳಿಸುವ ಅರ್ಜಿಯಲ್ಲಿ ಒಂದು ಸಾಲು ಬರೆದಿದ್ದರೆ ಆಗುತ್ತದೆ.

ಗಂಟಲುನೋವಾದ ಎರಡು ವಾರಕ್ಕೆ ಮೂತ್ರ ಕೋಲಾ ಬಣ್ಣ ಆಯ್ತು. ಇಷ್ಟಾದ್ರೂ ಬಯಾಪ್ಸಿ ಬೇಡ ಅಂದ್ರು. ಸರಿನಾ?

ಸಾಮಾನ್ಯವಾಗಿ ಸರಿ. ಗಂಟಲಿನ ಸೋಂಕಾದ ಒಂದೆರಡು ವಾರಕ್ಕೆ, ಕಜ್ಜಿ-ಹುಣ್ಣಾಗಿದ್ದರೆ ಮೂರರಿಂದ ಆರು ವಾರಕ್ಕೆ ಹೀಗೆ ಆಗುತ್ತದೆ. ಸಿ3 ಕುಸಿಯುತ್ತದೆ, ಎರಡು-ಮೂರು ತಿಂಗಳೊಳಗೆ ತಾನೇ ಏರುತ್ತದೆ. ಹೆಚ್ಚಿನ ಮಕ್ಕಳು ಪೂರ್ತಿ ಸರಿಹೋಗುತ್ತಾರೆ. ಸಿ3 ಏರದಿದ್ದರೆ, ಕ್ರಿಯಾಟಿನಿನ್ ದಿನದಿನಕ್ಕೆ ಹೆಚ್ಚಿದರೆ ಆಗ ಬಯಾಪ್ಸಿ.

ಕ್ರೆಸೆಂಟ್ ಅಂತ ಬರೆದಿದ್ದಾರೆ, ಇವತ್ತೇ ಅಡ್ಮಿಟ್ ಆಗಿ ಅಂತಿದ್ದಾರೆ.

ಆಗಿ. ಉಂಡೆಯ ಗೋಡೆ ಹರಿದು, ಸುತ್ತಲಿನ ಜಾಗದಲ್ಲಿ ಕೋಶಗಳು ಬೆಳೆದು, ಅರ್ಧಚಂದ್ರದ ಆಕಾರದಲ್ಲಿ ಉಂಡೆಯನ್ನು ಒತ್ತುತ್ತವೆ. ಅದೇ ಕ್ರೆಸೆಂಟ್. ಅರ್ಧಕ್ಕಿಂತ ಹೆಚ್ಚು ಉಂಡೆಗಳಲ್ಲಿ ಕಂಡರೆ ದಿನಗಳ ಲೆಕ್ಕದಲ್ಲಿ ಕಿಡ್ನಿ ಹಾಳಾಗಬಹುದು. ಎಳೆಯದಾಗಿದ್ದಾಗ ಔಷಧಿಗೆ ಕರಗುತ್ತದೆ, ಕಲೆಯಾದ ಮೇಲೆ ಇಲ್ಲ.

ಲೂಪಸ್ "ಕ್ಲಾಸ್ 5" ಅಂತ ಬಂದಿದೆ. ಕ್ಲಾಸ್ 4ಕ್ಕಿಂತ ಕೆಟ್ಟದ್ದಾ?

ಅಲ್ಲ. ಲೂಪಸ್ ಎಂದರೆ ಮೈಯ ರಕ್ಷಣಾ ಶಕ್ತಿ ಮೈಮೇಲೇ ತಿರುಗಿಬೀಳುವ ಕಾಯಿಲೆ. ಅದರ ಕ್ಲಾಸ್ ಮೆಟ್ಟಿಲಲ್ಲ. 1ರಿಂದ 6ರವರೆಗಿನ ಸಂಖ್ಯೆ ಕಾಯಿಲೆ ಎಲ್ಲಿ, ಹೇಗೆ ಕೂತಿದೆ ಅಂತ ಹೇಳುತ್ತದೆ. 4 ಎಂದರೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಉಂಡೆಗಳಲ್ಲಿ ಉರಿಯೂತ, ಅದಕ್ಕೆ ಜೋರು ಔಷಧಿ ಬೇಕು. 5 ಎಂದರೆ ಪೊರೆಯ ಹೊರಮಗ್ಗುಲಲ್ಲಿ ಕಾಯಿಲೆ ಕೂತಿದೆ, ಪ್ರೋಟೀನ್ ಹೆಚ್ಚು ಸೋರುತ್ತದೆ. ಎರಡೂ ಒಟ್ಟಿಗೆ ಇರಬಹುದು. 6 ಮಾತ್ರ ಬಹುತೇಕ ಎಲ್ಲಾ ಕಲೆಯಾಗಿದೆ ಅಂತ.

ರಿಪೋರ್ಟ್ ನಾಲ್ಕು ಪುಟ ಇದೆ. ನಾವು ಯಾವ ಸಾಲು ನೋಡ್ಬೇಕು?

ಕಾಯಿಲೆಯ ಹೆಸರು ಆದ ಮೇಲೆ ಕಲೆ ಎಷ್ಟು ಎನ್ನುವ ಸಾಲು ಹುಡುಕಿ. ಫೈಬ್ರೋಸಿಸ್ (ಕಲೆಗಟ್ಟುವುದು) ಮತ್ತು ಟ್ಯೂಬುಲರ್ ಅಟ್ರೋಫಿ (ಕಿಡ್ನಿಯ ಸಣ್ಣ ಕೊಳವೆಗಳು ಸವೆದು ಬತ್ತುವುದು) ಎಂದು ಶೇಕಡ ಲೆಕ್ಕದಲ್ಲಿ ಇರುತ್ತದೆ. ಉರಿಯೂತ ಅಂದರೆ ಈಗ ಉರಿಯುತ್ತಿರುವ ಬೆಂಕಿ, ನೀರು ಹಾಕಿ ಆರಿಸಬಹುದು. ಕಲೆ ಅಂದರೆ ಬೂದಿ. ಔಷಧಿ ಎಷ್ಟು ಜೋರಾಗಿ ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಡಾಕ್ಟರು ತೂಗುವುದು ಇವೆರಡನ್ನೇ.

### ಇನ್ನೂ ಆಳದ ಪ್ರಶ್ನೆಗಳು

ಮಕ್ಕಳ ಕಿಡ್ನಿ ಓದೋದು ದೊಡ್ಡವರದ್ದಕ್ಕಿಂತ ಬೇರೆನಾ? ದೊಡ್ಡವರ ಬಯಾಪ್ಸಿ ನೋಡೋರೇ ನೋಡಿದ್ರೆ ಸಾಲ್ದಾ?

ಮಕ್ಕಳ ಸ್ಲೈಡ್ ಓದಿದ ಅಭ್ಯಾಸ ಇರಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಉಂಡೆಗಳ ಹುಟ್ಟು ಗರ್ಭದಲ್ಲಿ 36ನೇ ವಾರದ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಹೊಸದು ಹುಟ್ಟುವುದಿಲ್ಲ, ಇದ್ದದ್ದೇ ದೊಡ್ಡದಾಗುತ್ತದೆ. ಕೂಸಿನ ಉಂಡೆ ಸಣ್ಣದು. ಅದರ ಹೊರಗಿನ ಕೋಶಗಳು ದಪ್ಪದಪ್ಪಗೆ ಕಿಕ್ಕಿರಿದು ಕೂತಿರುತ್ತವೆ. ಅಭ್ಯಾಸ ಇಲ್ಲದ ಕಣ್ಣಿಗೆ ಅದು ಕಾಯಿಲೆ ಥರ ಕಾಣುತ್ತದೆ, ನಿಜವಾಗಿ ಅದು ಎಳೆತನ ಅಷ್ಟೇ.

ಪೊರೆಯ ದಪ್ಪವೂ ವಯಸ್ಸಿನ ಜೊತೆ ಬೆಳೆಯುತ್ತದೆ. ದೊಡ್ಡವರಲ್ಲಿ 250 ನ್ಯಾನೋಮೀಟರಿಗಿಂತ ಕಮ್ಮಿ ಇದ್ದರೆ ತೆಳು ಎನ್ನುತ್ತೇವೆ. 2ರಿಂದ 11 ವರ್ಷದ ಮಕ್ಕಳಿಗೆ ಆ ಗೆರೆ 180. ಐದು ವರ್ಷದ ಮಗುವಿನ 220 ನ್ಯಾನೋಮೀಟರ್ ಪೊರೆಯನ್ನು ದೊಡ್ಡವರ ಅಳತೆಗೋಲಿನಲ್ಲಿ ಅಳೆದರೆ ಇಲ್ಲದ ಕಾಯಿಲೆ ಅಂಟಿಸಿದ ಹಾಗೆ. ಅರ್ಜಿಯಲ್ಲಿ ವಯಸ್ಸಿನ ಜಾಗ ಖಾಲಿ ಇದ್ದರೆ ನಾನು ಫೋನ್ ಎತ್ತುವುದು ಅದಕ್ಕೇ.

ತಾಯಿ ಕಡೆ ಸೋದರಮಾವನಿಗೆ ಕಿಡ್ನಿ ಹೋಗಿತ್ತು, ಕಿವಿನೂ ಕೇಳ್ತಿರ್ಲಿಲ್ಲ. ಮಗನ ಮೂತ್ರದಲ್ಲಿ ರಕ್ತ ಇದೆ.

ಇದನ್ನು ಮೊದಲ ದಿನವೇ ಡಾಕ್ಟರಿಗೆ ಹೇಳಿ. ಇದು ಆಲ್ಪೋರ್ಟ್ ಸಿಂಡ್ರೋಮ್ ಇರಬಹುದು. 1927ರಲ್ಲಿ ಸೆಸಿಲ್ ಆಲ್ಪೋರ್ಟ್ ಎಂಬ ಡಾಕ್ಟರ್ ಕಿಡ್ನಿ ಕಾಯಿಲೆಯೂ ಕಿವುಡೂ ಒಂದೇ ಮನೆಯಲ್ಲಿ ಓಡುವುದನ್ನು ವಿವರಿಸಿದ್ದರು. ಪೊರೆಗೆ ಗಟ್ಟಿತನ ಕೊಡುವ ನಾಲ್ಕನೇ ಬಗೆಯ ಕೊಲಾಜನ್ ಸರಿಯಾಗಿ ಆಗಿರುವುದಿಲ್ಲ. ಗಂಡುಮಕ್ಕಳಲ್ಲಿ ತೀವ್ರವಾಗಿ ಕಾಣುವ ಬಗೆ ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನದು. ಚಿಕ್ಕ ವಯಸ್ಸಿನಲ್ಲಿ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲೂ ಮೊದಮೊದಲು ಪೊರೆ ಬರೀ ತೆಳ್ಳಗೆ ಇರುತ್ತದೆ, ವರ್ಷಗಳು ಕಳೆದಂತೆ ಬುಟ್ಟಿ ಹೆಣೆದ ಹಾಗೆ ಪದರಪದರವಾಗಿ ಸೀಳುತ್ತದೆ. ಜೀನ್ ಪರೀಕ್ಷೆ ಇಲ್ಲಿ ಎಷ್ಟೋ ಸಲ ಬಯಾಪ್ಸಿಗಿಂತ ಮುಂದೆ ನಿಲ್ಲುತ್ತದೆ. ಬೇಗ ಗೊತ್ತಾದರೆ ಪ್ರೋಟೀನ್ ಸೋರಿಕೆ ತಗ್ಗಿಸುವ ಬಿಪಿ ಮಾತ್ರೆಗಳಿಂದ ಕಿಡ್ನಿ ಹೆಚ್ಚು ವರ್ಷ ಬಾಳುತ್ತದೆ. ತಾಯಿಯ ಮೂತ್ರವನ್ನೂ ಪರೀಕ್ಷೆ ಮಾಡಿಸಿ. ಅವರಿಗೂ ಗೊತ್ತಿಲ್ಲದೆ ರಕ್ತ ಹೋಗುತ್ತಿರಬಹುದು.

ಜೀನ್ ಟೆಸ್ಟ್ ಬಂದಿದೆ ಅಲ್ವಾ, ಇನ್ನೂ ಬಯಾಪ್ಸಿ ಯಾಕೆ?

ಹುಟ್ಟಿದ ಮೂರು ತಿಂಗಳೊಳಗೆ ನೆಫ್ರೋಟಿಕ್ ಆದ ಕೂಸಿಗೆ ಮೊದಲು ನೋಡಬೇಕಾದದ್ದು ಸೋಂಕುಗಳನ್ನು ಮತ್ತು ಜೀನ್‌ಗಳನ್ನು. ಒಂದು ವರ್ಷದೊಳಗೆ ಶುರುವಾದರೂ ಜೀನ್ ಪರೀಕ್ಷೆ ಕಳಿಸುತ್ತಾರೆ. ನೆಫ್ರಿನ್ ಜೀನ್ 1998ರಲ್ಲಿ, ಅದೇ ಕಂಡಿಯ ಇನ್ನೊಂದು ಪ್ರೋಟೀನಾದ ಪೋಡೋಸಿನ್ನಿನ ಜೀನ್ 2000ದಲ್ಲಿ ಸಿಕ್ಕ ಮೇಲೆ ಈ ದಾರಿ ತೆರೆಯಿತು. ಜೀನ್ ತಪ್ಪಿನಿಂದ ಬಂದ ಕಾಯಿಲೆ ಅಂತ ಖಚಿತವಾದರೆ ಸ್ಟಿರಾಯ್ಡ್ ನಿಲ್ಲಿಸಬಹುದು, ಅದರ ತೊಂದರೆಯಿಂದ ಮಗು ಪಾರಾಗುತ್ತದೆ. ಡಬ್ಲ್ಯುಟಿ1 ಎಂಬ ಜೀನಿನಲ್ಲಿ ತಪ್ಪಿದ್ದರೆ ಕಿಡ್ನಿಯಲ್ಲಿ ಗಡ್ಡೆ ಬರುವ ಅಪಾಯವೂ ಇರುತ್ತದೆ, ಇದನ್ನು ಯಾವ ಸ್ಲೈಡೂ ಮುಂಚಿತವಾಗಿ ಹೇಳದು.

ಆದರೆ ಈಗ ಎಷ್ಟು ಕಲೆ ಇದೆ, ಎಷ್ಟು ಉರಿಯೂತ ಇದೆ ಅಂತ ಜೀನ್ ಹೇಳುವುದಿಲ್ಲ. ಲೂಪಸ್, ಐಜಿಎ, ಕ್ರೆಸೆಂಟ್ ಇವಕ್ಕೆಲ್ಲ ಉತ್ತರ ಇನ್ನೂ ಎಳೆಯಲ್ಲೇ ಇದೆ.

ಟ್ಯಾಕ್ರೊಲಿಮಸ್ ಕೊಟ್ಟು ಮಗು ಚೆನ್ನಾಗೇ ಇದೆ. ಆದ್ರೂ ಮತ್ತೆ ಬಯಾಪ್ಸಿ ಅಂತಾರಲ್ಲ?

ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಮೈಯ ರಕ್ಷಣಾ ಶಕ್ತಿಯನ್ನು ತಗ್ಗಿಸುವ ಒಳ್ಳೆಯ ಔಷಧಿಗಳು. ಎರಡು-ಮೂರು ವರ್ಷ ತೆಗೆದುಕೊಂಡಾಗ ಕೆಲವು ಮಕ್ಕಳ ಕಿಡ್ನಿಯಲ್ಲಿ ಪಟ್ಟೆಪಟ್ಟೆಯಾಗಿ ಕಲೆ ಬೀಳುತ್ತದೆ. ಆಗಲೂ ಕ್ರಿಯಾಟಿನಿನ್ ನಾರ್ಮಲ್ ಇರಬಹುದು. ಮಗು ಆಡಿಕೊಂಡಿದ್ದರೂ ಡಾಕ್ಟರು ಕೇಳುವುದು ಇದಕ್ಕೆ. ಕಲೆ ಇಲ್ಲದಿದ್ದರೆ ಔಷಧಿ ಮುಂದುವರಿಸಲು ಧೈರ್ಯ ಬರುತ್ತದೆ, ಇದ್ದರೆ ಬೇರೆ ಔಷಧಿಗೆ ಹೋಗುತ್ತಾರೆ.

ಬೇರೆ ಕಡೆ ತೋರಿಸ್ಬೇಕು ಅಂತಿದೀವಿ. ಸ್ಲೈಡ್ ಕೊಡ್ತಾರಾ? ಮತ್ತೆ ಚುಚ್ಚಿಸ್ಬೇಕಾ?

ಮತ್ತೆ ಚುಚ್ಚಿಸುವುದು ಬೇಕಿಲ್ಲ. ಲ್ಯಾಬಿಗೆ ಬರೆದು ಕೊಟ್ಟರೆ ಸ್ಲೈಡ್‌ಗಳನ್ನೂ ಮೇಣದ ಬ್ಲಾಕನ್ನೂ ಕೊಡುತ್ತಾರೆ. ಮುಜುಗರ ಬೇಡ, ನಾವೇ ಕಷ್ಟದ ಸ್ಲೈಡ್‌ಗಳನ್ನು ಒಬ್ಬರಿಗೊಬ್ಬರು ಕಳಿಸಿ ಕೇಳುತ್ತೇವೆ. ಹಸಿರು ಬೆಳಕಿನ ಫೋಟೊ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳನ್ನೂ ಕೇಳಿ ತೆಗೆದುಕೊಳ್ಳಿ. ಅದರ ಜೊತೆ ಮನೆಯಲ್ಲಿ ದಿನಾ ಬೆಳಿಗ್ಗೆ ಮೂತ್ರ ಪರೀಕ್ಷೆ ಮಾಡಿ ಬರೆದಿಟ್ಟ ಡೈರಿ, ಯಾವ ಔಷಧಿ ಯಾವ ತಾರೀಕಿನಿಂದ ಕೊಟ್ಟಿರಿ ಎನ್ನುವ ಚೀಟಿ ಇರಲಿ. ಕಲಬುರಗಿಯಿಂದ ಬಂದ ಒಬ್ಬ ತಾಯಿ ಮಗನ ಎರಡು ವರ್ಷದ ಮೂತ್ರದ ಲೆಕ್ಕವನ್ನು ಶಾಲೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು ಬರೆದು ತಂದಿದ್ದರು. ಆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸ್ಲೈಡ್ ನೋಡಿದಾಗ, ಅಲ್ಲಿಯವರೆಗೆ ಎರಡು ಅರ್ಥಕ್ಕೆ ಬರುತ್ತಿದ್ದದ್ದು ಒಂದೇ ಅರ್ಥಕ್ಕೆ ಬಂತು.

ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ, ಫ್ರಿಜ್ ಬೇಡ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. ಅದು ಮೇಣ, ಕರಗುತ್ತದೆ.